ಎಂಜಿನ್ ಎಣ್ಣೆ ಕಪ್ಪಾಗುವುದೇಕೆ?

ಮಕ್ಕಳೇ, ಗ್ಯಾರೇಜಿನಲ್ಲಿ ಮೋಟಾರ್ ಸೈಕಲ್ಲಿನ ಎಂಜಿನ್ ಎಣ್ಣೆ ಬದಲಿಸುವುದನ್ನು ನೀವು ನೋಡಿರಬಹುದು. ಡಬ್ಬಿಯಿಂದ ಸುರಿಯುವ ಹೊಸ ಎಣ್ಣೆ ಜೇನುತುಪ್ಪದ ಬಣ್ಣದ್ದು. ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿದಾಗ ಇಳಿಯುವ ಹಳೆಯ ಎಣ್ಣೆ ಕಾಡಿಗೆಯಂತೆ ಕಪ್ಪು. ಹಾಕಿದ ಎಣ್ಣೆಯೇ ಇದು. ಹಾಗಾದರೆ ನಡುವೆ ಅದಕ್ಕೆ ಏನಾಯಿತು? ಕಪ್ಪಾಯಿತು ಎಂದರೆ ಕೆಟ್ಟುಹೋಯಿತು ಎಂದು ಅರ್ಥವೇ? ಹೊರತೆಗೆದ ಆ ಎಣ್ಣೆ ಮುಂದೆ ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ನಮಗೆ ಬಹಳ ಮುಖ್ಯವಾದುದು. ನಮ್ಮಲ್ಲಿ ಎಂಜಿನ್ನುಗಳು ಹೆದ್ದಾರಿಯಲ್ಲಷ್ಟೇ ಓಡುವುದಿಲ್ಲ. ಕಾರವಾರದ ಬೈತಖೋಲದಲ್ಲಿ, ಅಂಕೋಲೆಯ ಬೇಲೆಕೇರಿಯಲ್ಲಿ ಸಾಲಾಗಿ ನಿಂತ ಮೀನುಗಾರಿಕೆ ಬೋಟುಗಳ ಹೊಟ್ಟೆಯಲ್ಲಿಯೂ ಎಂಜಿನ್ನುಗಳಿವೆ. ಅವುಗಳಿಗೂ ಎಣ್ಣೆ ಬೇಕು. ಆ ಎಣ್ಣೆಯ ಕೆಲಸ ಏನು, ಅದನ್ನು ಹೇಗೆ ಪರೀಕ್ಷಿಸುತ್ತಾರೆ, ಕೆಲಸ ಮುಗಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದನ್ನು ಈಗ ತಿಳಿಯೋಣ.

ಬಂಡಿಯ ಕೀಲೆಣ್ಣೆ

ನಿಮ್ಮ ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಜೋರಾಗಿ ಉಜ್ಜಿ. ಬಿಸಿಯಾಯಿತಲ್ಲವೇ? ಈಗ ಎರಡು ಹನಿ ತೆಂಗಿನೆಣ್ಣೆ ಹಾಕಿ ಮತ್ತೆ ಉಜ್ಜಿ. ಅಂಗೈಗಳು ಜಾರುತ್ತವೆ, ಮೊದಲಿನಷ್ಟು ಬಿಸಿಯಾಗುವುದಿಲ್ಲ. ಘರ್ಷಣೆ ಕಡಿಮೆಯಾಯಿತು.

ಎಷ್ಟೇ ನುಣುಪಾಗಿ ಕಾಣುವ ಲೋಹವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲ್ಮೈ ಪಶ್ಚಿಮ ಘಟ್ಟದಂತೆ ಏರುತಗ್ಗುಗಳಿಂದ ಕೂಡಿರುತ್ತದೆ. ಎರಡು ಲೋಹಗಳು ಉಜ್ಜಿದಾಗ ಒಂದರ ಏರು ಇನ್ನೊಂದರ ಏರಿಗೆ ತಾಗಿ ಬಿಸಿಯಾಗುತ್ತದೆ, ಮುರಿಯುತ್ತದೆ, ಸವೆಯುತ್ತದೆ. ನಡುವೆ ಎಣ್ಣೆಯ ಪದರವಿದ್ದರೆ ಏರುಗಳು ತಾಗುವುದು ತಪ್ಪುತ್ತದೆ. ಹಿಂದೆ ಎತ್ತಿನ ಬಂಡಿಯ ಅಚ್ಚಿಗೆ ಹರಳೆಣ್ಣೆಯಂತಹ ಎಣ್ಣೆ ಸವರುತ್ತಿದ್ದರು. ಅದಕ್ಕೆ ಕೀಲೆಣ್ಣೆ ಎಂದು ಹೆಸರು. ಇಂದಿನ ಎಂಜಿನ್ ಎಣ್ಣೆಯೂ ಒಂದು ಕೀಲೆಣ್ಣೆಯೇ.

ಆದರೆ ಬಂಡಿಯ ಅಚ್ಚು ನಿಧಾನವಾಗಿ ತಿರುಗುತ್ತದೆ. ಎಂಜಿನ್ನಿನ ದಂಡ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅಷ್ಟು ಭಾರ ಬಿದ್ದರೂ ತೆಳ್ಳನೆಯ ಎಣ್ಣೆಯ ಪದರ ಹಿಂಡಿ ಹೋಗದೆ ಉಳಿಯುವುದು ಹೇಗೆ? ಇದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ. ಬೋಷಾಂ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗ್‌ನ ನೆತ್ತಿಯಲ್ಲಿ ಒಂದು ತೂತು ಕೊರೆದರು. ದಂಡ ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು! ತೂತಿಗೆ ಬೆಣೆ ಬಡಿದರೆ ಬೆಣೆಯೂ ಹೊರಕ್ಕೆ ತಳ್ಳಲ್ಪಟ್ಟಿತು.

ತಿರುಗುವ ದಂಡ ತನ್ನ ಮೈಗೆ ಅಂಟಿದ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಳ್ಳುತ್ತದೆ. ಸಂದಿ ಕಿರಿದಾದಂತೆ ಎಣ್ಣೆಯ ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಎಂದರೆ ದಂಡ ಎಣ್ಣೆಯ ಮೇಲೆ ತೇಲುತ್ತಿರುತ್ತದೆ. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದನ್ನು ಗಣಿತದ ಸಮೀಕರಣದಲ್ಲಿ ಬರೆದು ತೋರಿಸಿದರು.

ದಪ್ಪವೂ ಇರಬೇಕು, ಹರಿಯಲೂ ಬೇಕು

ನೀರು ಬೇಗ ಹರಿಯುತ್ತದೆ, ಜೇನುತುಪ್ಪ ನಿಧಾನವಾಗಿ ಹರಿಯುತ್ತದೆ. ಹರಿಯುವುದಕ್ಕೆ ದ್ರವ ಒಡ್ಡುವ ಈ ಪ್ರತಿರೋಧಕ್ಕೆ ಸ್ನಿಗ್ಧತೆ ಎನ್ನುತ್ತೇವೆ. ಎಂಜಿನ್ ಎಣ್ಣೆಯ ಸ್ನಿಗ್ಧತೆ ಬಹಳ ಕಡಿಮೆಯಾದರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಬಹಳ ಹೆಚ್ಚಾದರೆ ಎಣ್ಣೆಯನ್ನು ಕದಡುವುದಕ್ಕೇ ಎಂಜಿನ್ನಿನ ಶಕ್ತಿ ವ್ಯರ್ಥವಾಗಿ ಡೀಸೆಲ್ ಹೆಚ್ಚು ಖರ್ಚಾಗುತ್ತದೆ.

ತೊಂದರೆ ಏನೆಂದರೆ, ಬಿಸಿಯಾದಾಗ ಎಣ್ಣೆ ತೆಳುವಾಗುತ್ತದೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅರಬೈಲ್ ಘಟ್ಟ ಹತ್ತುವ ಲಾರಿಯನ್ನು ನೆನಪಿಸಿಕೊಳ್ಳಿ. ಬೆಳಗಿನ ಜಾವ ಹೊರಡುವಾಗ ಅದರ ಎಂಜಿನ್ ತಣ್ಣಗಿರುತ್ತದೆ. ಭಾರ ಹೊತ್ತು ಘಟ್ಟ ಹತ್ತುವಾಗ ಎಣ್ಣೆ ನೀರು ಕುದಿಯುವಷ್ಟು ಬಿಸಿಯಾಗುತ್ತದೆ. ಒಂದೇ ಎಣ್ಣೆ ಎರಡೂ ಹೊತ್ತಿನಲ್ಲಿ ಕೆಲಸ ಮಾಡಬೇಕು.

ಎಣ್ಣೆಯ ಡಬ್ಬಿಯ ಮೇಲೆ 20ಡಬ್ಲ್ಯೂ-40 ಎಂಬಂತಹ ಬರಹ ಇರುವುದು ಇದಕ್ಕಾಗಿಯೇ. ಡಬ್ಲ್ಯೂ ಎಂದರೆ ವಿಂಟರ್, ಅಂದರೆ ಚಳಿಗಾಲ. ಅದರ ಜೊತೆಗಿರುವ ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಎಣ್ಣೆ ಸುಲಭವಾಗಿ ಹರಿಯುತ್ತದೆ. ಎರಡನೆಯ ಸಂಖ್ಯೆ ಹೆಚ್ಚಾದಷ್ಟೂ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆ ದಪ್ಪವಾಗಿ ಉಳಿಯುತ್ತದೆ. ಈ ಪದ್ಧತಿಯನ್ನು ರೂಪಿಸಿದ್ದು 1905ರಲ್ಲಿ ಸ್ಥಾಪನೆಯಾದ ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘ.

ಎಣ್ಣೆಯೊಳಗಿನ ಕೆಲಸಗಾರರು

ಎಂಜಿನ್ ಎಣ್ಣೆಯಲ್ಲಿ ಹೆಚ್ಚಿನ ಭಾಗ ಮೂಲ ಎಣ್ಣೆ. ಸಾಮಾನ್ಯವಾಗಿ ಅದನ್ನು ಕಚ್ಚಾ ತೈಲದಿಂದ ತೆಗೆಯುತ್ತಾರೆ. ಉಳಿದ ಭಾಗ ಸಂಯೋಜಕಗಳು, ಅಂದರೆ ಬೇರೆ ಬೇರೆ ಕೆಲಸಕ್ಕಾಗಿ ಬೆರೆಸುವ ರಾಸಾಯನಿಕಗಳು. ಸಾರಿಗೆ ಉಪ್ಪು, ಹುಳಿ, ಮಸಾಲೆ ಹಾಕಿದಂತೆ ಇವುಗಳ ಪ್ರಮಾಣವೂ ಅಳತೆಗೆ ಸರಿಯಾಗಿರಬೇಕು. ಮುಖ್ಯವಾದ ಕೆಲವನ್ನು ನೋಡೋಣ.

ಸ್ನಿಗ್ಧತೆ ಕಾಯುವವು: ಇವು ಉದ್ದನೆಯ ಅಣುಗಳು. ತಣ್ಣಗಿದ್ದಾಗ ಉಂಡೆಯಾಗಿ ಸುತ್ತಿಕೊಂಡಿರುತ್ತವೆ. ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆ ತೀರ ತೆಳುವಾಗದಂತೆ ತಡೆಯುತ್ತವೆ.

ಸವೆತ ತಡೆಯುವವು: ಸತು ಮತ್ತು ರಂಜಕ ಇರುವ ಸಂಯುಕ್ತಗಳು. ಪದರ ತೆಳುವಾಗಿ ಲೋಹಗಳು ತಾಗುವ ಜಾಗದಲ್ಲಿ ಇವು ಒಂದು ರಕ್ಷಣಾ ಲೇಪವಾಗಿ ಅಂಟಿಕೊಳ್ಳುತ್ತವೆ. ಆದರೆ ರಂಜಕ ಹೆಚ್ಚಾದರೆ ಹೊಗೆ ಶುದ್ಧೀಕರಿಸುವ ಉಪಕರಣ ಕೆಡುತ್ತದೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ವಾಹನಗಳಲ್ಲಿ ಇಂತಹ ಉಪಕರಣಗಳಿವೆ. ಆದ್ದರಿಂದ ಅವುಗಳಿಗೆ ಬೇರೆ ಬಗೆಯ ಎಣ್ಣೆ ಬೇಕಾಯಿತು.

ಉತ್ಕರ್ಷಣ ತಡೆಯುವವು: ವಡೆ ಕರಿದ ಬಾಣಲೆಯ ಅಂಚಿನಲ್ಲಿ ಅಂಟಂಟಾದ ಕಂದು ಪದರ ಕಟ್ಟುವುದನ್ನು ನೋಡಿದ್ದೀರಿ. ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಾಗಾಗುತ್ತದೆ. ಎಂಜಿನ್ನಿನಲ್ಲಿ ಹಾಗಾಗುವುದನ್ನು ಇವು ನಿಧಾನಗೊಳಿಸುತ್ತವೆ.

ತುಕ್ಕು ತಡೆಯುವವು: ಕರಾವಳಿಯ ಉಪ್ಪು ಗಾಳಿಯಲ್ಲಿ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನೊರೆ ತಡೆಯುವವು: ಎಣ್ಣೆ ನೊರೆಯಾದರೆ ಪದರದಲ್ಲಿ ಗಾಳಿಗುಳ್ಳೆ ಸೇರಿ ಲೋಹಕ್ಕೆ ಆಸರೆ ತಪ್ಪುತ್ತದೆ.

ಕೊಳೆ ತೊಳೆಯುವ ಮಾರ್ಜಕಗಳು ಮತ್ತು ಕೊಳೆ ಚದುರಿಸುವವು: ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಡೀಸೆಲ್, ಪೆಟ್ರೋಲ್ ಸುಡುವಾಗ ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ನಿನ ಸಂದಿಯಿಂದ ಎಣ್ಣೆಗೆ ಇಳಿಯುತ್ತದೆ. ಹಾಗೆಯೇ ಬಿಟ್ಟರೆ ಮಸಿಯ ಕಣಗಳು ಒಂದಕ್ಕೊಂದು ಅಂಟಿ ಕೆಸರಾಗಿ ಎಣ್ಣೆಯ ದಾರಿಯನ್ನೇ ಮುಚ್ಚುತ್ತವೆ. ಸೋಪು ಬಟ್ಟೆಯ ಕೊಳೆಯನ್ನು ಎತ್ತಿ ನೀರಿನಲ್ಲಿ ತೇಲಿಸುವಂತೆ, ಈ ಸಂಯೋಜಕಗಳು ಪ್ರತಿಯೊಂದು ಮಸಿಯ ಕಣವನ್ನೂ ಸುತ್ತುವರಿದು ಬೇರೆ ಬೇರೆಯಾಗಿ ತೇಲುವಂತೆ ಮಾಡುತ್ತವೆ. ಎಣ್ಣೆ ಕಪ್ಪಾಗುವುದು ಇದರಿಂದಲೇ!

ಆದ್ದರಿಂದ ಎಣ್ಣೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ. ಅದು ತನ್ನ ಕೆಲಸ ಮಾಡುತ್ತಿದೆ. ಎಂಜಿನ್ನಿನ ಕೊಳೆಯನ್ನು ತಾನು ಹೊತ್ತುಕೊಂಡಿದೆ. ಆದರೆ ಹೊರುವುದಕ್ಕೂ ಒಂದು ಮಿತಿ ಇದೆ. ದಿನ ಕಳೆದಂತೆ ಸಂಯೋಜಕಗಳು ಮುಗಿಯುತ್ತವೆ. ಆಗ ಎಣ್ಣೆ ಬದಲಿಸಲೇಬೇಕು.

ಎಣ್ಣೆಗೂ ಪರೀಕ್ಷೆ

ಎಣ್ಣೆ ಸರಿಯಾಗಿದೆಯೇ ಎಂದು ಬಣ್ಣ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ಪರೀಕ್ಷೆಗಳಿವೆ.

ಪಾಲಿಟೆಕ್ನಿಕ್ ಪ್ರಯೋಗಾಲಯಗಳಲ್ಲಿ ರೆಡ್‌ವುಡ್ ವಿಸ್ಕೋಮೀಟರ್ ಎಂಬ ಉಪಕರಣ ಇರುತ್ತದೆ. ನಿಗದಿತ ಉಷ್ಣತೆಗೆ ಕಾಯಿಸಿದ ಎಣ್ಣೆಯನ್ನು ಸಣ್ಣ ರಂಧ್ರದಿಂದ ಇಳಿಬಿಟ್ಟು 50 ಮಿಲಿಲೀಟರ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಎಣಿಸುತ್ತಾರೆ. ಹೆಚ್ಚು ಸಮಯ ಹಿಡಿದರೆ ಹೆಚ್ಚು ಸ್ನಿಗ್ಧತೆ.

ಎಣ್ಣೆಯನ್ನು ಕಾಯಿಸುತ್ತಾ ಅದರ ಆವಿಗೆ ಕಿಡಿ ತೋರಿಸಿ, ಯಾವ ಉಷ್ಣತೆಯಲ್ಲಿ ಆವಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಹೊಸ ಎಂಜಿನ್ ಎಣ್ಣೆಯಲ್ಲಿ ಇದು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಬಳಸಿದ ಎಣ್ಣೆಯಲ್ಲಿ ಬಹಳ ಕಡಿಮೆಯಾಗಿದ್ದರೆ ಅದರಲ್ಲಿ ಡೀಸೆಲ್ ಅಥವಾ ಪೆಟ್ರೋಲ್ ಸೇರಿದೆ ಎಂದು ತಿಳಿಯುತ್ತದೆ.

ನಾಲ್ಕು ಗುಂಡುಗಳ ಪರೀಕ್ಷೆ ಸ್ವಾರಸ್ಯವಾಗಿದೆ. ಮೂರು ಉಕ್ಕಿನ ಗುಂಡುಗಳನ್ನು ಎಣ್ಣೆಯಲ್ಲಿ ಅಲುಗದಂತೆ ಬಿಗಿದು, ಅವುಗಳ ಮೇಲೆ ನಾಲ್ಕನೆಯದನ್ನು ಭಾರ ಹೇರಿ ತಿರುಗಿಸುತ್ತಾರೆ. ಕೊನೆಯಲ್ಲಿ ಕೆಳಗಿನ ಗುಂಡುಗಳ ಮೇಲೆ ಬಿದ್ದ ಗಾಯದ ಅಗಲವನ್ನು ಅಳೆಯುತ್ತಾರೆ. ಗಾಯ ಚಿಕ್ಕದಾದಷ್ಟೂ ಎಣ್ಣೆ ಒಳ್ಳೆಯದು.

ಬೋಟಿನ ಎಂಜಿನ್ನಿಗೆ ಸಂಬಂಧಿಸಿದ ಒಂದು ಸುಲಭ ಪರೀಕ್ಷೆಯೂ ಇದೆ. ಒಗ್ಗರಣೆಗೆ ಕಾದ ಎಣ್ಣೆಯಲ್ಲಿ ನೀರಿನ ಹನಿ ಬಿದ್ದರೆ ಚಟಪಟ ಎನ್ನುತ್ತದೆಯಲ್ಲವೇ? ಹಾಗೆಯೇ ಕಾದ ತಟ್ಟೆಯ ಮೇಲೆ ಎಂಜಿನ್ ಎಣ್ಣೆಯ ಒಂದು ಹನಿ ಹಾಕಿದಾಗ ಚಟಪಟ ಎಂದರೆ ಎಣ್ಣೆಗೆ ನೀರು ಸೇರಿದೆ ಎಂದು ಅರ್ಥ. ನೀರು ಹೆಚ್ಚಾಗಿ ಸೇರಿದ ಎಣ್ಣೆ ಹಾಲು ಹಾಕಿದ ಚಹಾದಂತೆ ಕಾಣುತ್ತದೆ.

ರಕ್ತ ಪರೀಕ್ಷೆಯಿಂದ ರೋಗ ತಿಳಿಯುವಂತೆ ಎಣ್ಣೆಯ ಪರೀಕ್ಷೆಯಿಂದ ಎಂಜಿನ್ನಿನ ಆರೋಗ್ಯವೂ ತಿಳಿಯುತ್ತದೆ. ಎಣ್ಣೆಯಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಷ್ಟಿದೆ ಎಂದು ಅಳೆದರೆ ಯಾವ ಭಾಗ ಸವೆಯುತ್ತಿದೆ ಎಂದು ಎಂಜಿನ್ ಬಿಚ್ಚದೆಯೇ ಊಹಿಸಬಹುದು. ನಮ್ಮ ದೇಶದಲ್ಲಿ ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಫರೀದಾಬಾದಿನಲ್ಲಿರುವ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರ ಇಂತಹ ಪರೀಕ್ಷೆ, ಸಂಶೋಧನೆಗಳನ್ನು ಮಾಡುತ್ತವೆ.

ಕಪ್ಪು ಎಣ್ಣೆ ನೀರಿಗೆ ಬಿದ್ದರೆ

ಕಪ್ಪು ಎಣ್ಣೆ ಎಂಜಿನ್ನಿನ ಕೊಳೆಯನ್ನು ಹೊತ್ತಿದೆ ಎಂದೆವು. ಆ ಕೊಳೆಯಲ್ಲಿ ಮಸಿ, ಸವೆದ ಲೋಹದ ಕಣಗಳು ಮತ್ತು ಸುಟ್ಟ ಇಂಧನದಿಂದ ಬಂದ ವಿಷಕಾರಿ ವಸ್ತುಗಳಿವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಎಂಜಿನ್ನಿನ ಒಳಗಿರುವವರೆಗೆ ಎಲ್ಲವೂ ಬಂದಿಯಾಗಿರುತ್ತವೆ. ಹೊರಗೆ ಚೆಲ್ಲಿದರೆ?

ಬಂದರಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಡಿರುವುದನ್ನು ನೀವು ನೋಡಿರಬಹುದು. ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣುವ ಕಾರಣವೇ ಅಲ್ಲಿಯೂ ಇದೆ. ಅದು ಬಹಳ ತೆಳ್ಳನೆಯ ಎಣ್ಣೆಯ ಪದರ. ಒಂದು ಮಿಲಿಮೀಟರಿನ ಹತ್ತು ಸಾವಿರ ಭಾಗದಲ್ಲಿ ಸುಮಾರು ಮೂರು ಭಾಗದಷ್ಟು ದಪ್ಪವಿದ್ದರೂ ಬಣ್ಣ ಕಾಣತೊಡಗುತ್ತದೆ. ಲೆಕ್ಕ ಮಾಡಿ ನೋಡಿ: ಅಷ್ಟು ತೆಳುವಾಗಿ ಹರಡಿದರೆ ಒಂದು ಲೀಟರ್ ಎಣ್ಣೆ 3,300 ಚದರ ಮೀಟರಿಗೂ ಹೆಚ್ಚು ನೀರನ್ನು ಮುಚ್ಚುತ್ತದೆ. ಉದ್ದ 13 ಮೀಟರ್, ಅಗಲ 10 ಮೀಟರ್ ಇರುವ ಕಬಡ್ಡಿ ಅಂಕಣಗಳನ್ನು ಜೋಡಿಸಿದರೆ ಅದು 25 ಅಂಕಣಗಳಷ್ಟಾಯಿತು!

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇನ್ನೊಂದು ಲೆಕ್ಕ ಕೊಡುತ್ತದೆ. ಬಳಸಿದ ಎಂಜಿನ್ ಎಣ್ಣೆ ತನ್ನ ಹತ್ತು ಲಕ್ಷ ಪಟ್ಟು ಸಿಹಿನೀರನ್ನು ಕೆಡಿಸಬಲ್ಲದು. ಎಂದರೆ ಒಂದು ಬೈಕಿನ ಸುಮಾರು ಒಂದು ಲೀಟರ್ ಎಣ್ಣೆಗೆ ಹತ್ತು ಲಕ್ಷ ಲೀಟರ್ ನೀರು. 25 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ಕೆರೆಯಲ್ಲಿ ಹಿಡಿಸುವುದು ಅಷ್ಟೇ ನೀರು. ದೊಡ್ಡ ಬೋಟಿನ ಎಂಜಿನ್ನಿಗೆ ಬೈಕಿನ ಹತ್ತು ಪಟ್ಟಿಗೂ ಹೆಚ್ಚು ಎಣ್ಣೆ ಬೇಕು.

ನಮ್ಮಲ್ಲಿ ಇದಕ್ಕೆ ಮಳೆಗಾಲವೂ ಸೇರುತ್ತದೆ. ಮೀನು ಮರಿ ಮಾಡುವ ಕಾಲವೆಂದು ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಬೋಟುಗಳು ದಡದಲ್ಲಿ ನಿಲ್ಲುವ ಈ ಎರಡು ತಿಂಗಳು ರಿಪೇರಿಗೆ, ಎಂಜಿನ್ ಸರ್ವಿಸಿಗೆ ಅನುಕೂಲದ ಕಾಲ. ಭಾರಿ ಮಳೆ ಸುರಿಯುವುದೂ ಇದೇ ತಿಂಗಳುಗಳಲ್ಲಿ. ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಮಳೆ ಅಲ್ಲಿಯೇ ಇರಲು ಬಿಡುವುದಿಲ್ಲ. ಅದು ಗಟಾರಕ್ಕೆ, ಹಳ್ಳಕ್ಕೆ, ಕಾಳಿ ಅಥವಾ ಗಂಗಾವಳಿ ನದಿಯ ಅಳಿವೆಗೆ, ಕೊನೆಗೆ ಸಮುದ್ರಕ್ಕೆ ಸೇರುತ್ತದೆ. ಮೀನು ಉಳಿಯಲೆಂದು ಬೋಟು ನಿಲ್ಲಿಸಿ, ಆ ಬೋಟಿನ ಎಣ್ಣೆಯನ್ನೇ ಮೀನಿನ ಮರಿಗಳಿಗೆ ಕಳುಹಿಸಿದಂತಾಗುತ್ತದೆ.

ಅಳಿವೆಯ ಬೆಳಚು, ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿಮೀನು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಗಳು. ನೀರಿನಲ್ಲಿರುವ ವಿಷ ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಅವು ಮೀನಿನಂತೆ ಈಜಿ ತಪ್ಪಿಸಿಕೊಳ್ಳಲಾರವು. ಅವುಗಳನ್ನು ತಿನ್ನುವವರು ನಾವು.

ಸಮುದ್ರಕ್ಕೆ ಎಣ್ಣೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಕಾರವಾರ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಆಚೆ ಆಯ್‌ಸ್ಟರ್ ರಾಕ್ ಬಂಡೆಗಳ ಬಳಿ ನೆಲಕಚ್ಚಿತು. ಹಡಗಿನಿಂದ ಸೋರಿದ ಎಣ್ಣೆ ಗೋವೆಯ ದಕ್ಷಿಣದ ಕಡಲತೀರಗಳವರೆಗೂ ಹರಡಿತು. ಅದು ಕೀಲೆಣ್ಣೆಯಲ್ಲ, ಹಡಗಿನ ಇಂಧನ ತೈಲ. ಅಂತಹ ಅಪಘಾತ ಎಲ್ಲರಿಗೂ ಕಾಣುತ್ತದೆ. ಗ್ಯಾರೇಜಿನಿಂದ, ಬೋಟಿನ ತಳದಿಂದ ಲೀಟರುಗಟ್ಟಲೆ ಹೋಗುವುದು ಯಾರಿಗೂ ಕಾಣುವುದಿಲ್ಲ.

ಬೇಗ ಕರಗುವ ಎಣ್ಣೆ ಇದೆಯೇ?

ಕೆಲವು ಎಂಜಿನ್ನುಗಳ ಎಣ್ಣೆಯನ್ನು ಹಿಡಿದಿಡುವುದೇ ಸಾಧ್ಯವಿಲ್ಲ. ಸಣ್ಣ ದೋಣಿಗಳ ಹಿಂದೆ ಕಟ್ಟುವ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಇಂಧನಕ್ಕೇ ಬೆರೆಸುತ್ತಾರೆ. ಎಣ್ಣೆ ಇಂಧನದ ಜೊತೆ ಸುಡುತ್ತದೆ. ಸುಡದೆ ಉಳಿದದ್ದು ಹೊಗೆಯೊಂದಿಗೆ ನೇರವಾಗಿ ನೀರಿಗೆ ಹೋಗುತ್ತದೆ. ಇಂತಹ ಕಡೆಗೆ ನಿಸರ್ಗದಲ್ಲಿ ಬೇಗ ಕೊಳೆಯುವ ಎಣ್ಣೆ ಬೇಕು.

ಎಣ್ಣೆ ಕೊಳೆಯುವುದನ್ನು ಹೇಗೆ ಪರೀಕ್ಷಿಸುತ್ತಾರೆ? ಬಾಟಲಿಯಲ್ಲಿ ನೀರು, ಬ್ಯಾಕ್ಟೀರಿಯಾ ಮತ್ತು ಸ್ವಲ್ಪ ಎಣ್ಣೆ ಹಾಕಿ 28 ದಿನ ಇಡುತ್ತಾರೆ. ಬ್ಯಾಕ್ಟೀರಿಯಾಗಳು ಎಣ್ಣೆಯನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಸುಣ್ಣದ ತಿಳಿನೀರು ಬೆಳ್ಳಗಾಗುವುದನ್ನು ನೀವು ಶಾಲೆಯಲ್ಲಿ ಮಾಡಿ ನೋಡಿದ್ದೀರಲ್ಲ, ಆ ಅನಿಲವೇ. ಪೂರ್ತಿ ಕೊಳೆತರೆ ಬರಬೇಕಾದ ಅನಿಲದಲ್ಲಿ ಶೇಕಡ 60ರಷ್ಟಾದರೂ ಬಂದರೆ ಆ ಎಣ್ಣೆ ಸುಲಭವಾಗಿ ಕೊಳೆಯುತ್ತದೆ ಎನ್ನುತ್ತಾರೆ. ಸಸ್ಯದ ಎಣ್ಣೆಗಳು ಈ ಪರೀಕ್ಷೆಯಲ್ಲಿ ಮುಂದೆ, ಕಚ್ಚಾ ತೈಲದಿಂದ ಬಂದ ಸಾಮಾನ್ಯ ಎಣ್ಣೆಗಳು ಹಿಂದೆ.

ಹಾಗಾದರೆ ಎಂಜಿನ್ನಿಗೆ ತೆಂಗಿನೆಣ್ಣೆ ಹಾಕಬಾರದೇಕೆ? ಡಿಸೆಂಬರಿನ ಬೆಳಿಗ್ಗೆ ತೆಂಗಿನೆಣ್ಣೆಯ ಬಾಟಲಿ ನೋಡಿ. ಗಟ್ಟಿಯಾಗಿರುತ್ತದೆ! ಬಿಸಿಯಲ್ಲಿಟ್ಟರೆ ಸಸ್ಯದ ಎಣ್ಣೆಗಳು ಬಾಣಲೆಯ ಅಂಚಿನಂತೆ ಅಂಟಾಗುತ್ತವೆ. ಈ ಎರಡು ದೋಷಗಳನ್ನು ಕಳೆಯುವ ಕೆಲಸದಲ್ಲಿ ರಸಾಯನ ವಿಜ್ಞಾನಿಗಳು ತೊಡಗಿದ್ದಾರೆ. ಅಮೆರಿಕದಲ್ಲಿ 2013ರ ನಿಯಮದಂತೆ ದೊಡ್ಡ ಹಡಗುಗಳಲ್ಲಿ ನೀರಿಗೆ ತಾಗುವ ಯಂತ್ರಭಾಗಗಳಿಗೆ ಬೇಗ ಕೊಳೆಯುವ ಕೀಲೆಣ್ಣೆಯನ್ನೇ ಬಳಸಬೇಕಾಯಿತು.

ಕಪ್ಪು ಎಣ್ಣೆಗೆ ಮರುಜನ್ಮ

ಎಂಜಿನ್ನಿನಲ್ಲಿ ಸವೆಯುವುದು ಹೆಚ್ಚಾಗಿ ಸಂಯೋಜಕಗಳು. ಮೂಲ ಎಣ್ಣೆಯ ಬಹುಪಾಲು ಅಣುಗಳು ಚೆನ್ನಾಗಿಯೇ ಇರುತ್ತವೆ, ಕೊಳೆ ಸೇರಿರುತ್ತದೆ ಅಷ್ಟೇ. ಬಳಸಿದ ಎಣ್ಣೆಯನ್ನು ಕಾಯಿಸಿ ಮೊದಲು ನೀರು ಮತ್ತು ಇಂಧನವನ್ನು ತೆಗೆಯುತ್ತಾರೆ. ಅನಂತರ ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ ಮಸಿ, ಲೋಹಗಳನ್ನು ಬೇರ್ಪಡಿಸುತ್ತಾರೆ. ಹೀಗೆ ಸಿಕ್ಕ ಮೂಲ ಎಣ್ಣೆಗೆ ಮತ್ತೆ ಸಂಯೋಜಕಗಳನ್ನು ಬೆರೆಸಿದರೆ ಹೊಸ ಎಂಜಿನ್ ಎಣ್ಣೆ ಸಿದ್ಧ.

ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿವೆ. ಅನುಮತಿ ಪಡೆದವರಿಗಷ್ಟೇ ಅದನ್ನು ಕೊಡಬೇಕು. 2023ರಲ್ಲಿ ಮಾಡಿದ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸಿ ಮಾರುವವರಿಗೂ ಅದನ್ನು ಮರಳಿ ಶುದ್ಧಗೊಳಿಸುವಲ್ಲಿ ಹೊಣೆಗಾರಿಕೆ ಬಂದಿದೆ. ಈ ವಿಷಯವನ್ನು ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕಾರವಾರದಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ.

ಆದರೆ ನಿಯಮ ಕೆಲಸ ಮಾಡಬೇಕಾದರೆ ಎಣ್ಣೆ ಮೊದಲು ಒಂದು ಡಬ್ಬಿಯಲ್ಲಿ ಸೇರಬೇಕು. ಕಪ್ಪು ಎಣ್ಣೆಯನ್ನು ಗೆದ್ದಲು ಬಾರದಂತೆ ಬೇಲಿಯ ಕಂಬಕ್ಕೆ, ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆಗೆ ಬಳಿಯುವವರಿದ್ದಾರೆ. ಕೆಲವರು ಒಲೆಗೆ ಸುರಿದು ಸುಡುತ್ತಾರೆ. ಬಳಿದದ್ದು ಮಳೆಯಲ್ಲಿ ತೊಳೆದು ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಸುಟ್ಟರೆ ಅದರ ಲೋಹಗಳು ಹೊಗೆಯಲ್ಲಿ ಸೇರುತ್ತವೆ. ನೀರು, ಡೀಸೆಲ್ ಅಥವಾ ಬಣ್ಣ ಬೆರೆಸದೆ, ಮುಚ್ಚಳವಿರುವ ಡಬ್ಬಿಯಲ್ಲಿ, ಮಳೆ ತಾಗದ ಜಾಗದಲ್ಲಿ ಕೂಡಿಟ್ಟು ಅನುಮತಿ ಪಡೆದವರಿಗೆ ಕೊಡುವುದೇ ಸರಿಯಾದ ದಾರಿ.

ಮಾಡಿ ನೋಡಿ

1. ಒಂದೇ ಅಳತೆಯ ಮೂರು ಪ್ರನಾಳಗಳಲ್ಲಿ ನೀರು, ತೆಂಗಿನೆಣ್ಣೆ, ಹರಳೆಣ್ಣೆ ತುಂಬಿ. ಮೇಲೆ ಒಂದು ಸೆಂಟಿಮೀಟರಿನಷ್ಟು ಜಾಗ ಬಿಟ್ಟು ಬಿರಡೆ ಹಾಕಿ. ಮೂರನ್ನೂ ಒಟ್ಟಿಗೆ ತಲೆಕೆಳಗು ಮಾಡಿ. ಗಾಳಿಯ ಗುಳ್ಳೆ ಯಾವುದರಲ್ಲಿ ಮೊದಲು ಮೇಲೇರುತ್ತದೆ? ಹರಳೆಣ್ಣೆಯ ಪ್ರನಾಳವನ್ನು ಬಿಸಿಲಿನಲ್ಲಿಟ್ಟು ಮತ್ತೆ ಮಾಡಿ. ಸಮಯವನ್ನು ಬರೆದಿಡಿ.

2. ಗ್ಯಾರೇಜಿನವರು ಎಣ್ಣೆ ನೋಡುವಾಗ ಅಳತೆ ಕಡ್ಡಿಯಿಂದ ಒಂದು ಹನಿಯನ್ನು ಒತ್ತು ಕಾಗದದ ಮೇಲೆ ಬೀಳಿಸಲು ಕೇಳಿ. ನೀವು ಕೈಯಿಂದ ಮುಟ್ಟಬೇಡಿ. ಮರುದಿನ ನೋಡಿ. ಮಸಿ ಅಂಚಿನವರೆಗೂ ಹರಡಿದ್ದರೆ ಚದುರಿಸುವ ಸಂಯೋಜಕ ಇನ್ನೂ ಕೆಲಸ ಮಾಡುತ್ತಿದೆ. ನಡುವೆಯೇ ಗಟ್ಟಿ ಕಪ್ಪು ಚುಕ್ಕೆಯಾಗಿ ನಿಂತಿದ್ದರೆ ಅದು ಮುಗಿದಿದೆ.

3. ನಿಮ್ಮ ಊರಿನ ಗ್ಯಾರೇಜಿನಲ್ಲಿ, ಅಥವಾ ಬೋಟು ಇರುವ ಮನೆಯಲ್ಲಿ ವಿಚಾರಿಸಿ: ವರ್ಷಕ್ಕೆ ಎಷ್ಟು ಲೀಟರ್ ಎಣ್ಣೆ ಬದಲಿಸುತ್ತಾರೆ? ಹಳೆಯದು ಎಲ್ಲಿಗೆ ಹೋಗುತ್ತದೆ? ಎಷ್ಟು ಕಬಡ್ಡಿ ಅಂಕಣಗಳಷ್ಟು ನೀರನ್ನು ಅದು ಮುಚ್ಚಬಲ್ಲದು ಎಂದು ಲೆಕ್ಕ ಮಾಡಿ, ಚಾರ್ಟ್ ಬರೆದು ತರಗತಿಯಲ್ಲಿ ತೂಗುಹಾಕಿ. ಮೇ ತಿಂಗಳು ಮುಗಿಯುವ ಮೊದಲು, ಬೋಟುಗಳು ದಡ ಸೇರುವ ಮೊದಲು, ಆ ಲೆಕ್ಕವನ್ನು ಮನೆಯವರಿಗೂ ತೋರಿಸಿ.